ಕಂಪ್ಯೂಟರ್ ಹಿಡಿದುಕೊಟ್ಟ ಕಳ್ಳ

ಮನುಷ್ಯರು ಬೈದರೆ ಹೇಗೋ ತಡೆದುಕೊಳ್ಳುತ್ತೇನೆ. ಕಂಪ್ಯೂಟರ್ ಹೆದರಿಸಿದರೆ ನನ್ನ ಕೈಕಾಲೇ ಆಡುವುದಿಲ್ಲ. ಇಂಟರ್‌ನೆಟ್ ಸಿಗದಾಗ ಅದು ತೋರಿಸುವ ಸಂದೇಶಗಳನ್ನು ಯಾರು ಬರೆಯುತ್ತಾರೋ ಕಾಣೆ. ಆ ಪುಣ್ಯಾತ್ಮರು ಒಂದು ವಾರ ನಮ್ಮ ಹೊನ್ನಾಳಿ ಬಸ್ ನಿಲ್ದಾಣದಲ್ಲಿ ಕೂತಿದ್ದರೆ ಚೆನ್ನಾಗಿತ್ತು. ಶಿವಮೊಗ್ಗದ ಬಸ್ ಎಲ್ಲಿ ಎಂದು ಕೇಳಿದರೆ ಅಲ್ಲಿಯವರು, "ನ್ಯಾಮತಿ ಹತ್ರ ಪಂಚರ್ ಆಗೈತೆ, ಚಾ ಕುಡಿದು ಬರ್ರಿ" ಎನ್ನುತ್ತಾರೆ. ಏನಾಗಿದೆ, ಎಲ್ಲಾಗಿದೆ, ನಾವೇನು ಮಾಡಬೇಕು, ಎಲ್ಲವೂ ಅದರಲ್ಲೇ ಬಂತು.

ನನ್ನ ಹೆಂಡತಿ ಗಿರಿಜಾ ಜಗಳೂರು ತಾಲ್ಲೂಕಿನ ಬಿಳಿಚೋಡಿನಲ್ಲಿ ಶಿಕ್ಷಕಿ, ನಾನು ಹೊನ್ನಾಳಿಯಲ್ಲಿ ಕಾಲೇಜು ಮೇಷ್ಟ್ರು. ಮದುವೆಯಾದಾಗಿನಿಂದ ನಮ್ಮದು ಭಾನುವಾರದ ಸಂಸಾರ. ಈ ಸಲ ಅವಳಿಗೆ ಹೊನ್ನಾಳಿಗೆ ವರ್ಗವಾಗುವ ಅವಕಾಶವಿತ್ತು. ಆನ್‌ಲೈನಿನಲ್ಲಿ ಊರು ಆರಿಸಲು ಅಂದು ಸಂಜೆಯೇ ಕೊನೆ. "ಇಲ್ಲಿ ನೆಟ್‌ವರ್ಕ್ ನಂಬಂಗಿಲ್ರೀ, ನೀವೇ ಮಾಡಿಬಿಡ್ರಿ" ಎಂದು ಆ ಕೆಲಸವನ್ನು ನನಗೆ ಒಪ್ಪಿಸಿದ್ದಳು. ಬೇಸಿಗೆ ರಜೆಯೆಲ್ಲ ಮುಸುಕು ಹಾಕಿಕೊಂಡು ಮಲಗಿದ್ದ ಕಂಪ್ಯೂಟರನ್ನು ಮಧ್ಯಾಹ್ನ ಎಬ್ಬಿಸಿದೆ. ಪುಟ ತೆರೆಯುವ ಬದಲು ಕೆಂಪು ಗುರುತು ಬಂತು: ನಿಮ್ಮ ಸಂಪರ್ಕ ಸುರಕ್ಷಿತವಾಗಿಲ್ಲ, ಯಾರೋ ನಿಮ್ಮ ಮಾಹಿತಿ ಕದಿಯಲು ಯತ್ನಿಸುತ್ತಿರಬಹುದು.

ಯಾರೋ ಎಂದರೆ ಯಾರು? ನಮ್ಮ ವೈಫೈ ಬಳಸುವವರು ಇನ್ನೊಬ್ಬರೇ, ಪಕ್ಕದ ಮನೆಯ ಶೇಖರಪ್ಪ. ನಿವೃತ್ತ ಕಂಡಕ್ಟರ್, ಸಂಭಾವಿತ. ಆದರೆ ಕಂಪ್ಯೂಟರ್ ಸುಮ್ಮನೆ ಹೇಳುತ್ತದೆಯೇ? ವೈಫೈ ಪಾಸ್‌ವರ್ಡ್ ಬದಲಿಸಿದೆ. ಕೆಂಪು ಗುರುತು ಹೋಗಲಿಲ್ಲ. ವೈರು ಕಿತ್ತು ಒರೆಸಿ ಮತ್ತೆ ಸಿಕ್ಕಿಸಿದೆ, ದೇವರನ್ನು ನೆನೆದೆ. ಅಷ್ಟರಲ್ಲಿ ಶೇಖರಪ್ಪನವರೇ ಬಂದು, "ನೆಟ್ಟು ಯಾಕೋ ನಿಂತೈತೆ ಮೇಷ್ಟ್ರೆ" ಎಂದರು. ನಾನು ತಾಳ್ಮೆಗೆಟ್ಟು, "ನನ್ನ ಮಾಹಿತಿ ನಿಮಗ್ಯಾಕೆ ಬೇಕಿತ್ತು?" ಎಂದುಬಿಟ್ಟೆ.

ಅವರು ನನ್ನನ್ನೂ ಮನೆಯನ್ನೂ ಒಮ್ಮೆ ನೋಡಿದರು. "ನಿಮ್ಮತ್ರ ಕದಿಯಾಕೆ ಏನೈತ್ರೀ?" ಎಂದು ಹೊರಟುಹೋದರು.

ಬಿಗುಮಾನ ಬಿಟ್ಟು ನಾನು ಗಿರಿಜಾಗೆ ಫೋನ್ ಮಾಡುವ ಹೊತ್ತಿಗೆ ಗಡುವು ಮುಗಿದಿತ್ತು. ಎಲ್ಲ ಕೇಳಿ ಅವಳು, "ಪರದೆ ಮೂಲ್ಯಾಗೆ ತಾರೀಕು ಏನು ತೋರಿಸ್ತದೆ ನೋಡ್ರಿ" ಎಂದಳು. ನೋಡಿದೆ. ಗಡಿಯಾರ ನಡೆಸುವ ಒಳಗಿನ ಪುಟ್ಟ ಬ್ಯಾಟರಿ ಸತ್ತು ಕಂಪ್ಯೂಟರ್ ಹಲವು ವರ್ಷ ಹಿಂದೆ ಹೋಗಿ ಕೂತಿತ್ತು. ಜಾಲತಾಣದ ತಾರೀಕಿಗೂ ತನ್ನದಕ್ಕೂ ತಾಳೆಯಾಗದೆ ಅದಕ್ಕೆ ಜಗತ್ತೆಲ್ಲ ಮೋಸವಾಗಿ ಕಂಡಿತ್ತು.

"ಗಡಿಯಾರ ತಪ್ಪೈತೆ ಅಂತ ಅದು ಒಂದು ಮಾತು ಹೇಳಬಾರದಿತ್ತಾ?" ಎಂದು ಅರಚಿದೆ.

ಗಿರಿಜಾ ಅರಚಲಿಲ್ಲ. ಅರಚಿದ್ದರೆ ಮೇಲಿತ್ತು. "ಹೋಗ್ಲಿ ಬಿಡ್ರಿ, ಭಾನುವಾರ ಬರ್ತೀನಿ" ಎಂದಳು.

ಮರುದಿನ ಬೆಳಿಗ್ಗೆ ವೈಫೈಗೆ ಹಳೆಯ ಪಾಸ್‌ವರ್ಡನ್ನೇ ಮತ್ತೆ ಹಾಕಿ, ಕ್ಷಮೆ ಕೇಳಲೆಂದೇ ಶೇಖರಪ್ಪನವರ ಗೇಟಿನ ಮುಂದೆ ನಿಂತೆ. ಅವರು ಗಿಡಕ್ಕೆ ನೀರು ಹಾಕುತ್ತಿದ್ದರು, ತಲೆ ಎತ್ತಲಿಲ್ಲ. "ನಿನ್ನೆ ಏನೋ ಸ್ವಲ್ಪ ಹೆಚ್ಚುಕಡಿಮೆ ಆಯ್ತು" ಎಂದೆ.

"ಏನು ಹೆಚ್ಚುಕಡಿಮೆ ಆತು? ಬಿಡಿಸಿ ಹೇಳ್ರಿ ಮೇಷ್ಟ್ರೆ."

ಬಾಯಿ ತೆರೆದೆ. ಎಷ್ಟೋ ವರ್ಷ ತರಗತಿಯಲ್ಲಿ ನಿರರ್ಗಳವಾಗಿ ಆಡಿದ ಬಾಯಿ.

"ನೆಟ್ಟು ಈಗ ಬರ್ತಾ ಐತೆ" ಎಂದಷ್ಟೇ ಹೇಳಿ, ಸರಸರನೆ ಮನೆಯೊಳಗೆ ಬಂದುಬಿಟ್ಟೆ.