ಮತ್ತಿಕೆರೆಯ ರಾಕ್ಷಸ

ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆದು ಬದುಕುವವನಿಗೆ ನರಿ, ಮೊಸಳೆಗಳಿಂದ ಯಾವತ್ತೂ ತೊಂದರೆಯಿಲ್ಲ. ತೊಂದರೆಯೆಲ್ಲ ಮನುಷ್ಯರಿಂದ. ಅದು ಆಗುತ್ತಲೇ ಇರುತ್ತದೆ.

ಕೆಲಸ ಏನು?

ಐವತ್ತರ ದಶಕದ ಕೊನೆಯಲ್ಲಿ ಮತ್ತಿಕೆರೆಗೆ ಬಾಡಿಗೆ ಮನೆ ಕೇಳಲು ಹೋಗಿದ್ದೆ. ಮನೆಯ ಯಜಮಾನರು ಹೊಲ, ದನ ಎಲ್ಲ ಇದ್ದ ಗೌಡರು.

"ಏನ್ ಕೆಲ್ಸ ಸ್ವಾಮಿ?" ಎಂದರು.

"ಮಕ್ಕಳ ಪುಸ್ತಕಕ್ಕೆ ಚಿತ್ರ ಬರೀತೀನಿ."

"ಅದ್ ಸರಿ. ಕೆಲ್ಸ ಏನು?"

ಹೆಂಡತಿ ಆರು ತಿಂಗಳ ಬಸುರಿ ಎಂದ ಮೇಲೆ ಸ್ವಲ್ಪ ಕರಗಿದರು. "ಎರಿಗೆ ಆಗೋಗಂಟ ಇರಿ. ಆಮ್ಯಾಕೆ ನೋಡಾನ" ಎಂದರು. ಹಿಂದಿನ ಬಾಡಿಗೆಯವರು ಹುಲ್ಲಿನ ಮೆದೆಯ ಮೇಲೆ ಸೀರೆ ಹರವಿದ್ದರಂತೆ. ಸೀರೆ ಒಣಗುವ ಮೊದಲೇ ಅವರನ್ನು ಮನೆ ಬಿಡಿಸಿದ್ದರು. ನಾವು ಸೀರೆಗಳನ್ನು ಅಡುಗೆಮನೆಯಲ್ಲೇ ಒಣಗಿಸಿಕೊಂಡೆವು.

ರಾಕ್ಷಸ ಬೇಕಾಗಿದ್ದಾನೆ

ಆಗ ಒಂದು ಪುಸ್ತಕಕ್ಕೆ ರಾಕ್ಷಸನ ಚಿತ್ರ ಬೇಕಿತ್ತು. ನಾನು ಬರೆದದ್ದನ್ನು ಪ್ರಕಾಶಕರು ಮೂರು ಸಲ ವಾಪಸ್ ಮಾಡಿದರು.

"ಏನ್ರೀ ಇದು? ರಜ ಕೇಳೋಕೆ ಬಂದ ಗುಮಾಸ್ತನ ಥರ ಇದ್ದಾನೆ!"

ಕನ್ನಡಿ ನೋಡಿಕೊಂಡು ಬರೆದಿದ್ದೆ. ತುಂಬಾ ಬೇಜಾರಾಯಿತು.

ಹಾಗೆ ಕೂತಿದ್ದಾಗ ಒಂದು ದಿನ ಹೊರಗೆ ಭಾರೀ ಗದ್ದಲ. ಯಾರದೋ ಎಮ್ಮೆ ಗೌಡರ ರಾಗಿ ಹೊಲಕ್ಕೆ ನುಗ್ಗಿತ್ತು. ಗೌಡರು ಎಮ್ಮೆಯನ್ನೂ ಅದರ ಒಡೆಯನನ್ನೂ ಒಟ್ಟಿಗೆ ಬೈಯುತ್ತಿದ್ದರು. ಆ ಹುಬ್ಬು, ಆ ಮೀಸೆ, ಆ ಹಲ್ಲು! ಕಿಟಕಿಯಲ್ಲೇ ಕೂತು ಎರಡು ನಿಮಿಷದಲ್ಲಿ ಬರೆದು ಮುಗಿಸಿದೆ. ಕೊಂಬು ಮಾತ್ರ ನಾನು ಸೇರಿಸಿದ್ದು.

ಪ್ರಕಾಶಕರಿಗೆ ಖುಷಿಯೋ ಖುಷಿ. "ಇದನ್ನ ನೋಡಿ ನಮ್ ಹುಡುಗ ಅನ್ನದ ತಟ್ಟೆ ಬಿಟ್ಟು ಓಡಿಹೋದ ಕಣ್ರೀ!"

ಜಗಲಿಗೆ ಕರೆ

ಹೆರಿಗೆಗೆ ಹದಿನೈದು ದಿನವಿದೆ ಎನ್ನುವಾಗ ಪುಸ್ತಕ ಅಚ್ಚಾಗಿ ಬಂತು. ನನ್ನ ಪ್ರತಿಗಳನ್ನು ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟೆ. ಗೌಡರು ಇನ್ನೆಲ್ಲಿಂದಲೋ ಒಂದನ್ನು ತಂದು, ನನ್ನನ್ನು ಜಗಲಿಗೆ ಕರೆಸಿದರು. ನನ್ನ ಹೆಂಡತಿ ಪಾತ್ರೆಗಳನ್ನು ಕಟ್ಟತೊಡಗಿದಳು.

ಗೌಡರು ರಾಕ್ಷಸನ ಮೇಲೆ ಬೆರಳಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಲ್ಲ ಸ್ವಾಮಿ, ನಮ್ ಬಾಮೈದನ್ನ ಯಾವಾಗ ನೋಡುದ್ರಿ? ಥೇಟ್ ಅವ್ನೇ!"

ಬದುಕಿಕೊಂಡೆ ಅನ್ನಿಸಿತು. "ಒಂದ್ಸಲ ದಾರಿಯಲ್ಲಿ ನೋಡಿದ್ದೆ" ಎಂದು ಸುಳ್ಳು ಹೇಳಿದೆ.

ಗೌಡರಿಗೆ ಹೆಂಡತಿಯನ್ನು ರೇಗಿಸುವ ಹುಮ್ಮಸ್ಸು ಬಂತು. "ಲೇ ಇವ್ಳೇ, ಬಾ ಇಲ್ಲಿ! ಇವ್ನ್ ಯಾರು ಏಳು ನೋಡಾನ!"

ಆಕೆ ಬಂದರು. ಚಿತ್ರ ನೋಡಿದರು. ತಕ್ಷಣ ತಲೆಯ ಮೇಲೆ ಸೆರಗೆಳೆದುಕೊಂಡು ಗೋಡೆಯ ಕಡೆ ತಿರುಗಿ ನಿಂತರು.

"ಅಯ್ಯೋ, ಅವ್ರ ಎಸ್ರು ನಾನೆಂಗ್ ಏಳ್ಲಿ?"

ನಮ್ಮ ಮಗಳು ಹುಟ್ಟಿದ್ದು ಕೆಂಪಾಪುರದ ಇನ್ನೊಂದು ಬಾಡಿಗೆ ಮನೆಯಲ್ಲಿ.