ಕುಂಬಳಕಾಯಿ ಅಳತೆಯ ಹೆಲ್ಮೆಟ್

ಅಂಗಡಿಯವನು ಮೊದಲು ಹೇಳಿದ ಬೆಲೆಗೆ ನಾನು ಜೀವನದಲ್ಲಿ ಏನನ್ನೂ ಕೊಂಡವನಲ್ಲ, ಒಂದನ್ನು ಬಿಟ್ಟು. ಚಳ್ಳಕೆರೆಯಲ್ಲಿ ಹಳೇ ಬೈಕುಗಳ ವ್ಯಾಪಾರ ನನ್ನದು. ಬೇರೆಯವರ ಗ್ಯಾರೇಜಿನಲ್ಲಿ ನಟ್ಟು ಬಿಗಿಯುತ್ತಾ ಶುರು ಮಾಡಿ ಸ್ವಂತ ಶೆಡ್ಡು ಹಾಕಿದವನು. ಪೆಟ್ರೋಲ್ ಟ್ಯಾಂಕಿನ ಮೇಲೆ ಒಮ್ಮೆ ಅಂಗೈ ಸವರಿದರೆ ಸಾಕು, ಗಾಡಿ ಯಾವ ಮಗ್ಗುಲಿಗೆ ಬಿದ್ದಿತ್ತು ಎಂದು ಹೇಳಬಲ್ಲೆ. ಗಾಡಿ ಕೊಂಡವರಿಗೆ ನನ್ನ ಸಲಹೆ ಉಚಿತ. ಕೊಳ್ಳದವರಿಗೂ ಉಚಿತ!

ನನ್ನ ಚೌಕಾಸಿಗೆ ಒಂದೇ ಒಂದು ಸಾಕ್ಷಿ ಕೊಡುತ್ತೇನೆ. ಮಗಳು ಗೌರಿ ಹುಟ್ಟಿ ಎರಡು ತಿಂಗಳಾದಾಗ ಬಸ್ ಸ್ಟ್ಯಾಂಡ್ ಬಳಿಯ ಅಂಗಡಿಯಲ್ಲಿ ಆಟಿಕೆ ಗಿಳಿಗಳನ್ನು ಕಂಡೆ. ರೆಕ್ಕೆ ಬಡಿದು ಹಾಡುವ ಗಿಳಿಗಳು. ತೊಟ್ಟಿಲಿನ ಆ ಕಡೆ ಒಂದು, ಈ ಕಡೆ ಒಂದು ಕಟ್ಟುವಂಥವು. ಜೋಡಿ ಒಡೆಯುವುದಿಲ್ಲ ಎಂದು ಅಂಗಡಿಯ ಶೆಟ್ಟರು ಹಟ ಹಿಡಿದರು.

"ಎರಡೂ ಹಾಡೋದು ಒಂದೇ ಹಾಡಲ್ವಾ ಶೆಟ್ರೇ? ಇನ್ನೊಂದು ಯಾಕೆ ದಂಡಕ್ಕೆ?" ಎಂದು ಅರ್ಧ ಗಂಟೆ ವಾದಿಸಿದೆ. ಅವರಿಗೆ ಊಟದ ಹೊತ್ತಾಗಿತ್ತು. ಜೋಡಿ ಒಡೆಯಿತು! ಒಂಟಿ ಗಿಳಿಯನ್ನು ಅರ್ಧ ಬೆಲೆಗೆ ತಂದು, ಹೆಂಡತಿಯ ತವರಾದ ಮೊಳಕಾಲ್ಮೂರಿಗೆ ಒಯ್ದು, ನನ್ನ ಕೈಯಾರೆ ತೊಟ್ಟಿಲಿನ ಬಲಗಡೆಗೆ ಕಟ್ಟಿದೆ. ಗೌರಿ ಕಣ್ಣು ಮಿಟುಕಿಸದೆ ಅದನ್ನೇ ನೋಡಿದಳು. ಉಳಿಸಿದ ದುಡ್ಡಿನಲ್ಲಿ ನಾನು ಮಿರ್ಚಿ ಬಜ್ಜಿ ತಿಂದೆ.

ಮುಂದಿನ ಅನಾಹುತವೂ ಮಿರ್ಚಿ ತಿನ್ನುವಾಗಲೇ ಶುರುವಾಯಿತು. ಗೌರಿಗೆ ನಾಲ್ಕು ತಿಂಗಳು ತುಂಬಿತ್ತು. ಶೆಡ್ಡಿನ ಪಕ್ಕದ ಹೋಟೆಲಿನ ಟಿ.ವಿ.ಯಲ್ಲಿ "ನಿಮ್ಮ ಕಂದನ ತಲೆ ಗುಂಡಗಿದೆಯೇ?" ಎಂದು ಕೆಂಪಕ್ಷರ ಓಡಿತು. ಹಿಂದೆ ಕೊಲೆ ಸುದ್ದಿಗೆ ಹಾಕುವ ಸಂಗೀತ! ಒಂದೇ ಕಡೆ ಮಲಗಿ ಕೆಲವು ಮಕ್ಕಳ ತಲೆ ಚಪ್ಪಟೆಯಾಗುತ್ತದೆಯಂತೆ, ದೊಡ್ಡ ಊರಿನ ಆಸ್ಪತ್ರೆಯಲ್ಲಿ ಅದಕ್ಕೆ ಅಳತೆ ತೆಗೆದು ಹೆಲ್ಮೆಟ್ ಮಾಡಿಕೊಡುತ್ತಾರಂತೆ. ಪುಟ್ಟ ಹೆಲ್ಮೆಟ್ ತೊಟ್ಟ ಮಗುವೊಂದು ಬೊಚ್ಚು ಬಾಯಿ ಬಿಟ್ಟು ನಕ್ಕಿತು. ನನ್ನ ಕೈಯ ಮಿರ್ಚಿ ಕೈಯಲ್ಲೇ ಉಳಿಯಿತು.

ಆ ಕ್ಷಣವೇ ಗಾಡಿ ಹತ್ತಿ ಮೊಳಕಾಲ್ಮೂರಿಗೆ ಹೋದೆ. ಗೌರಿಯನ್ನು ಎತ್ತಿಕೊಂಡು ಹಿಂದಲೆಯ ಮೇಲೆ ಅಂಗೈ ಸವರಿದೆ. ಎಡಗಡೆ ನುಣ್ಣಗೆ ಗುಂಡಗಿತ್ತು. ಬಲಗಡೆ ಚಪ್ಪಟೆ! ನಮ್ಮ ವೃತ್ತಿಯ ಭಾಷೆಯಲ್ಲಿ ಹೇಳುವುದಾದರೆ, ಡೆಂಟು.

"ಮಂಜುಳಾ! ಮಗೂ ತಲೆ ನೋಡಿದ್ಯಾ? ಈಗಷ್ಟೇ ಟಿ.ವಿ.ಲಿ ತೋರ್ಸಿದ್ರು!"

"ನೋಡ್ದೇ ಏನು?" ಎಂದಳು ಹೆಂಡತಿ. "ಡಾಕ್ಟ್ರಿಗೆ ತೋರ್ಸೋಣ ಅಂತ ಹದಿನೈದು ದಿನದಿಂದ ಬಡ್ಕಂತಿದೀನಿ. ಟಿ.ವಿ.ಯೋರು ಹೇಳಿದ್ ಮೇಲೆ ಕೇಳಿಸ್ತೇನ್ರಿ ನಿಮಗೆ?"

ಅತ್ತೆ ಮಗ್ಗದ ಕೋಣೆಯಿಂದಲೇ ಕೂಗಿದರು. "ಏಮಪ್ಪಾ ಅಳಿಯಂದ್ರೇ, ದಿನಾ ಎಣ್ಣೆ ಹಚ್ಚಿ ಎರೀತೀನಿ, ಚಂದ್ರನಂಗೈತೆ ಮಗು. ಕಣ್ಣು ಹಾಕಬ್ಯಾಡ್ರಿ!"

ನನಗೆ ನಗು ಬರಲಿಲ್ಲ. ಗೌರಿ ಸ್ಕೂಲಿಗೆ ಹೋಗುವುದು, ಎರಡು ಜಡೆಗಳಲ್ಲಿ ಒಂದು ಮೇಲೆ ಒಂದು ಕೆಳಗೆ ನಿಲ್ಲುವುದು, ಹಿಂದಿನ ಬೆಂಚಿನವರು ಆಡಿಕೊಳ್ಳುವುದು, ಎಲ್ಲವೂ ಕಣ್ಣ ಮುಂದೆ ಬಂದವು. ಊರಿನ ಗಾಡಿಗಳ ಡೆಂಟೆಲ್ಲ ತೆಗೆದ ಅಪ್ಪ, ಮಗಳದ್ದನ್ನು ಹಾಗೇ ಬಿಟ್ಟ ಎಂದು ಜನ ಅನ್ನಬಾರದಲ್ಲ!

ಟಿ.ವಿ.ಯಲ್ಲಿ ತೋರಿಸಿದ ನಂಬರಿಗೆ ಫೋನು ಮಾಡಿದೆ. ಅತ್ತಲಿನ ಹುಡುಗಿ ಹೆಲ್ಮೆಟ್ಟಿನ ಬೆಲೆ ಹೇಳಿದಳು. ಆ ಬೆಲೆಗೆ ನನ್ನ ಶೆಡ್ಡಿನಲ್ಲಿ ಎರಡು ಗಾಡಿ ಬರುತ್ತವೆ, ಕಾಗದಪತ್ರ ಸಮೇತ! ನಾನು ಎದೆಗುಂದಲಿಲ್ಲ.

"ಮೇಡಂ, ಹೆಲ್ಮೆಟ್ ನಾವೇ ತಂದ್ರೆ ಫಿಟ್ಟಿಂಗ್ ಚಾರ್ಜ್ ಎಷ್ಟಾಗುತ್ತೆ?"

ಫೋನು ಕಟ್ಟಾಯಿತು.

ಸರಿ, ಸ್ವಾವಲಂಬನೆಯೇ ಮಾರ್ಗ ಎಂದು ತೀರ್ಮಾನಿಸಿದೆ. ನಮ್ಮ ಬೈಕುಗಳಿಗೆ ಸೀಟ್ ಕವರ್ ಹೊಲಿಯುವ ಬಾಷಾ ಇದ್ದಾನೆ. ಎಂಥ ಓರೆಕೋರೆ ಸೀಟಿಗೂ ಫೋಮು, ರೆಕ್ಸಿನ್ ಹಾಕಿ ಒಪ್ಪವಾಗಿ ಕೂರಿಸುತ್ತಾನೆ. ಅವನಿಗೆ ಮಗುವಿನ ತಲೆಯ ಅಳತೆ ಒಂದು ಸಿಕ್ಕರೆ ಸಾಕು. ಆದರೆ ಮಗುವನ್ನು ಸೀಟ್ ಕವರ್ ಅಂಗಡಿಗೆ ಒಯ್ಯುತ್ತೇನೆಂದರೆ ಮಂಜುಳಾ ಬಿಡುತ್ತಾಳೆಯೇ? ಮೊಳಕಾಲ್ಮೂರಿನ ಸಂತೆಯಲ್ಲೆಲ್ಲ ಟೇಪು ಹಿಡಿದು ಅಲೆದು, ಗೌರಿಯ ತಲೆಯಷ್ಟೇ ಸುತ್ತಳತೆಯ ಒಂದು ಸಿಹಿ ಕುಂಬಳಕಾಯಿ ಹುಡುಕಿದೆ.

"ತೂಕ ನೋಡಿ ತಗಳ್ಳೋರ್ನ ನೋಡೀನಿ, ಟೇಪ್ ಹಿಡಿದು ತಗಳ್ಳೋರ್ನ ಇವತ್ತೇ ನೋಡಿದ್ದು" ಎಂದಳು ಮಾರುವವಳು. ನಾನು ಅವಳಲ್ಲೂ ಚೌಕಾಸಿ ಮಾಡಿಯೇ ಕೊಂಡೆ. ಆಮೇಲೆ ಮಗುವಿನ ತಲೆ ನೋಡಿ ನೋಡಿ, ಚಾಕುವಿನಿಂದ ಕಾಯಿಯ ಬಲಗಡೆ ಒಂದು ಹೋಳು ಸವರಿ ಚಪ್ಪಟೆ ಮಾಡಿದೆ. ಥೇಟ್ ಗೌರಿ!

ಬಾಷಾ ಕುಂಬಳಕಾಯಿಯನ್ನು ತಿರುಗಿಸಿ ತಿರುಗಿಸಿ ನೋಡಿದ.

"ಕ್ಯಾ ತಿಪ್ಪೇಸ್ವಾಮಣ್ಣ, ಇದು ಯಾವ ಕಂಪನಿ ಗಾಡಿ?"

ವಿಷಯ ಹೇಳಿದೆ. ಅವನ ಮುಖದ ನಗು ಮಾಯವಾಯಿತು. "ಅರೇ, ಮಗೂದು ಮಗಜ್ ಅಣ್ಣ ಅದು, ಮೆದುಳು, ಸೀಟಲ್ಲ. ಡಾಕ್ಟರ್ ಸಾಬ್‌ಗೆ ಒಂದು ಮಾತು ಕೇಳಿ."

"ನೀನು ಹೊಲಿಯೋ ಮಾರಾಯ. ಸಲಹೆ ಕೊಡೋದು ನನ್ನ ಕೆಲಸ" ಎಂದೆ.

ಅಂದು ಅವನಿಗೆ ಬೇರೆ ಕೆಲಸವಿತ್ತು. ನಾಳೆ ಬೆಳಿಗ್ಗೆ ಅಳತೆ ತೆಗೆಯುತ್ತೇನೆ ಎಂದ. ಕಾಯಿಯನ್ನು ಚಳ್ಳಕೆರೆಯ ನಮ್ಮ ಮನೆಗೆ ತಂದು ಅಡುಗೆಮನೆಯ ಕಟ್ಟೆಯ ಮೇಲೆ ಜೋಪಾನವಾಗಿ ಇಟ್ಟೆ. ನನ್ನ ಅಷ್ಟೂ ಯೋಜನೆಯಲ್ಲಿ ಒಂದೇ ಒಂದು ಮರೆತಿದ್ದೆ: ಅವ್ವ.

ನಮ್ಮ ಕಡೆ ಇಡೀ ಕುಂಬಳಕಾಯಿಯನ್ನು ಹೆಂಗಸರು ಒಡೆಯುವುದಿಲ್ಲ. ಮೊದಲ ಏಟು ಗಂಡಸು ಹಾಕಿಕೊಡಬೇಕು, ಆಮೇಲೆ ಅವರು ಹೆಚ್ಚುತ್ತಾರೆ. ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬಂದಾಗ ಮನೆಯಲ್ಲಿ ಒಗ್ಗರಣೆ ಘಮಘಮಿಸುತ್ತಿತ್ತು. ಕಟ್ಟೆ ಖಾಲಿ!

"ಅವ್ವಾ! ಇಲ್ಲಿದ್ದ ಕಾಯಿ?"

"ಪಲ್ಯ ಮಾಡ್ದೆ ಕಣಪ್ಪ. ಯಾವತ್ತೂ ಹತ್ತು ಸಲ ಕರುದ್ರೂ ಬರಲ್ಲ ನೀನು. ಇವತ್ತು ನೀನೇ ಮೊದ್ಲ ಏಟು ಹಾಕಿಟ್ಟಿದ್ಯಲ್ಲ, ಎಷ್ಟು ಬುದ್ಧಿ ಬಂತು ನನ್ ಮಗನಿಗೆ ಅಂದ್ಕಂಡೆ!"

"ಅದು ನಿನ್ನ ಮೊಮ್ಮಗಳ ತಲೆ ಅವ್ವಾ!"

ಅವ್ವನ ಕೈಯಿಂದ ಸೌಟು ಬಿತ್ತು. ಸಮಾಧಾನ ಮಾಡಿ ವಿವರಿಸುವಷ್ಟರಲ್ಲಿ ಎರಡು ರೊಟ್ಟಿ ಮುಗಿದಿದ್ದವು. ಪಲ್ಯ ಚೆನ್ನಾಗಿತ್ತು, ಅದನ್ನು ಒಪ್ಪಿಕೊಳ್ಳಬೇಕು.

ಅಳತೆ ಹೊಟ್ಟೆ ಸೇರಿತ್ತು, ಟೇಪಿನ ಅಂಕಿ ಮರೆತಿತ್ತು; ಬಾಷಾನ ಮುಂದೆ ಎರಡೂ ಕೈಗಳಿಂದ ಗಾಳಿಯಲ್ಲಿ ತಲೆ ಬರೆದು ತೋರಿಸಿದೆ. "ಇಷ್ಟಿರಬಹುದು." ಸಂಜೆಗೆ ಕೆಂಪು ರೆಕ್ಸಿನ್ನಿನ, ಬಿಳಿ ದಾರದ ಡಬಲ್ ಹೊಲಿಗೆಯ ಹೆಲ್ಮೆಟ್ ಸಿದ್ಧವಾಯಿತು. ಮೊಳಕಾಲ್ಮೂರಿಗೆ ಒಯ್ದು, ಗೌರಿಯನ್ನು ಮಂಜುಳಾಳ ತೊಡೆಯ ಮೇಲೆ ಕೂರಿಸಿ, ಮಂತ್ರಿಗಳಿಗೆ ಪೇಟ ತೊಡಿಸುವ ಗತ್ತಿನಲ್ಲಿ ತೊಡಿಸಿದೆ. ಹೆಲ್ಮೆಟ್ ಸರ್‍ರನೆ ಇಳಿದು ಗಲ್ಲದ ಮೇಲೆ ನಿಂತಿತು. ಮಗಳು ಕಾಣಿಸಲಿಲ್ಲ!

ಮಂಜುಳಾ ಅದನ್ನು ತಕ್ಷಣವೇ ಕಿತ್ತು ನನ್ನ ಕೈಗೆ ಕೊಟ್ಟಳು. ಗೌರಿ ನಗುತ್ತಿದ್ದಳು. ಅವಳಮ್ಮ ನಗುತ್ತಿರಲಿಲ್ಲ.

"ಇದು ನಿಮಗೇ ಸರಿಯಾಗುತ್ತೆ, ಹಾಕ್ಕಂಡು ಗಾಡಿ ಹೊಡೀರಿ" ಎಂದಳು. "ನಾಳೆ ಬೆಳಿಗ್ಗೆ ಡಾಕ್ಟ್ರ ಹತ್ರ ಹೋಗ್ತಿದೀವಿ. ನೀವು ಬಾಯಿ ಬಿಡಂಗಿಲ್ಲ."

ಚಳ್ಳಕೆರೆಯ ಮಕ್ಕಳ ಡಾಕ್ಟರಮ್ಮ ಆತುರದ ಮನುಷ್ಯರಲ್ಲ. ಗೌರಿಯ ತಲೆಯ ಸುತ್ತಳತೆ ತೆಗೆದರು, ನೆತ್ತಿ ಮುಟ್ಟಿದರು, ಕತ್ತನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಗಿಸಿ ನೋಡಿದರು. ಆ ಹೊತ್ತಿನಲ್ಲಿ ಅವರು ಯಾವ ಬೆಲೆ ಹೇಳಿದ್ದರೂ ಒಪ್ಪಿಬಿಡುತ್ತಿದ್ದೆ. ಇದನ್ನು ವ್ಯಾಪಾರಿಯಾಗಿ ಅಲ್ಲ, ಅಪ್ಪನಾಗಿ ಹೇಳುತ್ತಿದ್ದೇನೆ.

"ಭಯ ಪಡೋಂಥದ್ದು ಏನಿಲ್ಲ" ಎಂದರು. "ಹೆಲ್ಮೆಟ್ ಕೆಲವು ಮಕ್ಕಳಿಗೆ ಬೇಕಾಗುತ್ತೆ. ನಿಮ್ಮ ಮಗೂಗೆ ಸದ್ಯಕ್ಕೆ ಬೇಡ. ಸರಿ, ಇವಳು ಯಾವಾಗ್ಲೂ ಯಾವ ಕಡೆ ತಿರುಗಿ ಮಲಗ್ತಾಳೆ?"

"ಬಲಗಡೆ" ಎಂದಳು ಮಂಜುಳಾ.

"ಬಲಗಡೆ ಏನಿದೆ?"

ಮಂಜುಳಾ ನಿಧಾನವಾಗಿ ನನ್ನ ಕಡೆ ತಿರುಗಿದಳು. ಬಾಯಿ ಬಿಡಂಗಿಲ್ಲ ಎಂಬ ಆಜ್ಞೆ ಇದ್ದದ್ದು ನನಗೆ ಅನುಕೂಲವೇ ಆಯಿತು. ಆದರೂ ಹೇಳಲೇಬೇಕಾಯಿತು.

"ಗಿಳಿ" ಎಂದೆ.

"ಎಡಗಡೆ?"

"ಎಡಗಡೆದು... ಅಂಗಡೀಲೇ ಐತೆ ಮೇಡಂ."

ಎರಡು ತಿಂಗಳಿನಿಂದ ನನ್ನ ಮಗಳು ಹಗಲೆಲ್ಲ ನನ್ನ ಚೌಕಾಸಿಯ ಕಡೆಗೇ ತಲೆ ಒತ್ತಿ ಮಲಗಿದ್ದಳು! ಡಾಕ್ಟರಮ್ಮ ತುಟಿ ಕಚ್ಚಿಕೊಂಡು ಚೀಟಿ ಬರೆದರು. ಮಲಗಿಸುವುದು ಬೆನ್ನ ಮೇಲೆಯೇ, ಆದರೆ ತಲೆ ಒಂದೇ ಕಡೆ ವಾಲದಂತೆ ನೋಡಿಕೊಳ್ಳಬೇಕು. ಎಚ್ಚರವಿದ್ದಾಗ ಎದುರಿಗೆ ಕೂತು ಹೊಟ್ಟೆಯ ಮೇಲೆ ಆಡಿಸಬೇಕು. ಆಗಾಗ ಎತ್ತಿಕೊಳ್ಳಬೇಕು. ಒಂದು ತಿಂಗಳು ಬಿಟ್ಟು ಮತ್ತೆ ತೋರಿಸಬೇಕು. "ಎಡಗಡೆಗೂ ನೋಡೋಕೆ ಏನಾದ್ರೂ ಇರ್ಲಿ" ಎಂದರು.

ಅಮ್ಮ-ಮಗಳಿಬ್ಬರನ್ನೂ ಬಸ್ಸು ಹತ್ತಿಸಿ ನಾನು ನೇರ ಶೆಟ್ಟರ ಅಂಗಡಿಗೆ ಹೋದೆ. ಜೋಡಿ ತಪ್ಪಿದ ಆ ಗಿಳಿ ಧೂಳು ತಿನ್ನುತ್ತಾ ಅಲ್ಲೇ ಕೂತಿತ್ತು.

"ಬರ್ರಿ ಬರ್ರಿ" ಎಂದರು ಶೆಟ್ಟರು. "ಒಂಟಿ ಗಿಳೀನ ಯಾರೂ ಮೂಸಿ ನೋಡ್ಲಿಲ್ಲ. ಈಗ ಇದಕ್ಕೆ ಜೋಡಿ ರೇಟು."

ನಾನು ಬಾಯಿ ತೆರೆದೆ. ಡಾಕ್ಟರಮ್ಮನ ಟೇಬಲ್ಲಿನ ಮೇಲೆ ಪಿಳಿಪಿಳಿ ಕಣ್ಣು ಬಿಡುತ್ತಿದ್ದ ಗೌರಿ ನೆನಪಾದಳು. ಬಾಯಿ ಮುಚ್ಚಿ, ಹೇಳಿದಷ್ಟೂ ಕೊಟ್ಟೆ. ಜೀವನದಲ್ಲಿ ಮೊದಲ ಸಲ! ನೋಟು ಅಸಲಿಯೋ ಎಂದು ಶೆಟ್ಟರು ಬೆಳಕಿಗೆ ಹಿಡಿದು ನೋಡಿದರು.

ತ್ಯಾಗ ಮಾಡಿದ ತೃಪ್ತಿಯಲ್ಲಿ ಗಾಡಿ ಓಡಿಸಿಕೊಂಡು ಮೊಳಕಾಲ್ಮೂರು ತಲುಪಿದೆ. ಮನೆಯೊಳಗಿಂದ ಗಿಳಿಯ ಹಾಡು ಕೇಳುತ್ತಿತ್ತು. ಗೌರಿ ಎಡಕ್ಕೆ ತಿರುಗಿ ಕೇಕೆ ಹಾಕುತ್ತಿದ್ದಳು. ನಾನು ಕೈಯಲ್ಲಿದ್ದ ಹೊಸ ಗಿಳಿಯನ್ನು ನೋಡಿಕೊಂಡೆ. ಆಮೇಲೆ ತೊಟ್ಟಿಲನ್ನು ನೋಡಿದೆ.

"ಏನ್ ಮಂಜುಳಾ ಇದು?"

"ಇನ್ನೇನ್ರಿ? ಬಲಗಡೆ ಇದ್ದಿದ್ದನ್ನ ಬಿಚ್ಚಿ ಎಡಗಡೆ ಕಟ್ದೆ" ಎಂದಳು. "ಅದಕ್ಕೂ ದುಡ್ಡು ಕೊಡ್ಬೇಕಾ?"

ತಿಂಗಳು ಕಳೆದು ಹೋದಾಗ ಡಾಕ್ಟರಮ್ಮ ತಲೆ ಸವರಿ, ಚೆನ್ನಾಗಿ ದುಂಡಗಾಗುತ್ತಿದೆ ಎಂದರು. ಆ ಕೆಂಪು ಹೆಲ್ಮೆಟ್ಟನ್ನು ಅವ್ವ ರೊಟ್ಟಿ ಬಿಸಿಯಾಗಿರಲೆಂದು ಬುಟ್ಟಿಯ ಮೇಲೆ ಮುಚ್ಚುತ್ತಾಳೆ. ಅದರ ಅಳತೆಗೆ ಹೇಳಿ ಮಾಡಿಸಿದಂತಿದೆ. ಎರಡನೇ ಗಿಳಿ ನನ್ನ ಶೆಡ್ಡಿನಲ್ಲಿ ನೇತಾಡುತ್ತಿದೆ.

ಈಗಲೂ ಶೆಡ್ಡಿಗೆ ಬರುವ ಹೊಸ ಅಪ್ಪಂದಿರಿಗೆ ತಪ್ಪದೆ ಸಲಹೆ ಕೊಡುತ್ತೇನೆ: ಟಿ.ವಿ. ನೋಡಿ ಗಾಬರಿಯಾಗಬೇಡಿ, ಮೊದಲು ಡಾಕ್ಟರಿಗೆ ತೋರಿಸಿ, ಅದಕ್ಕೂ ಮೊದಲು ಹೆಂಡತಿಯ ಮಾತು ಕೇಳಿ. ಅವರೆಲ್ಲ ತಾಳ್ಮೆಯಿಂದ ಕೇಳಿಸಿಕೊಂಡು, ಕೊನೆಗೆ ಒಂದೇ ಪ್ರಶ್ನೆ ಕೇಳುತ್ತಾರೆ:

"ಅದೆಲ್ಲ ಸರಿ ಅಣ್ಣಾ, ಆ ಎರಡನೇ ಗಿಳಿ ಎಷ್ಟಕ್ಕೆ ಕೊಡ್ತೀರಿ?"