ಎರಡೂವರೆ ಮಹಡಿಯಲ್ಲಿ ಸಿಕ್ಕಿಕೊಂಡ ಸೋಫಾದ ಬಗ್ಗೆ

ಕಟ್ಟಡ ನಿವಾಸಿಗಳ ನಿರ್ವಹಣಾ ಸಮಿತಿ
ಮೆಟ್ಟಿಲು, ತಾರಸಿ ಮತ್ತು ನೀರಿನ ತೊಟ್ಟಿ ವಿಭಾಗ

ಸುತ್ತೋಲೆ ಸಂಖ್ಯೆ: ನಿ.ಸ/ಮೆಟ್ಟಿಲು/ಪೀಠೋಪಕರಣ/ಸಿಕ್ಕಿರುವುದು/೨½

ವಿಷಯ: ಎರಡನೇ ಮತ್ತು ಮೂರನೇ ಮಹಡಿಗಳ ನಡುವಿನ ತಿರುವಿನಲ್ಲಿ, ಮೇಲಕ್ಕೂ ಹೋಗದೆ ಕೆಳಕ್ಕೂ ಬಾರದೆ ನಿಂತ ಸೋಫಾದ ಕುರಿತು ಅಂತಿಮ ಆದೇಶ.

ಉಲ್ಲೇಖ: (ಅ) ಇದೇ ಸಮಿತಿಯ ಸುತ್ತೋಲೆ, "ಕೂಡಲೇ ತೆರವುಗೊಳಿಸುವುದು".
(ಆ) ಅದರ ಜ್ಞಾಪನ, "ಕೂಡಲೇ ಎಂದರೆ ಕೂಡಲೇ".
(ಇ) ಕೆಳಮನೆಯ ಅಜ್ಜಿಯವರ ಮೌಖಿಕ ಮನವಿ, "ಸುಮ್ನೆ ಬಿಡಪ್ಪ ಅದನ್ನ".

ಪ್ರಸ್ತಾವನೆ

ಮೂರನೇ ಮಹಡಿಯ ಬಲಗಡೆಯ ಮನೆಗೆ ಹೊಸ ಸಂಸಾರವೊಂದು ಬಂದಿರುವುದು ಸರಿಯಷ್ಟೆ. ಯಜಮಾನರು ವೃತ್ತಿಯಿಂದ ದರ್ಜಿ. ಅವರ ಹೆಂಡತಿ ಹೆರಿಗೆ ಆಸ್ಪತ್ರೆಯಲ್ಲಿ ನರ್ಸ್. ಈಗ ತಾವೇ ಬಸುರಿಯಾದ ಕಾರಣ ರಜೆಯ ಮೇಲಿದ್ದವರು. ಇನ್ನೂ ಶಾಲೆಗೆ ಸೇರದ ಒಬ್ಬ ಮಗಳಿದ್ದು, ಬಾಯಿ ಮುಚ್ಚದ ಕಾರಣಕ್ಕೆ ಆಕೆಯನ್ನು ಚಿನಕುರಳಿ ಎಂದು ಕರೆಯಲಾಗುತ್ತದೆ. ಈ ಕಟ್ಟಡದಲ್ಲಿ ಒಬ್ಬರ ಬಾಗಿಲು ತೆರೆದಾಗ ಎದುರು ಮನೆಯವರು ತಮ್ಮ ಬಾಗಿಲು ಮುಚ್ಚಿಕೊಳ್ಳುವುದು ವಾಡಿಕೆಯಾಗಿದ್ದು, ಸದರಿ ಸಂಸಾರವನ್ನೂ ಅದೇ ಕ್ರಮದಲ್ಲಿ ಸ್ವಾಗತಿಸಲಾಗಿತ್ತು.

ಸಾಮಾನು ಬಿಚ್ಚಿ ಜೋಡಿಸಿಯಾದ ಮೇಲೆ ಹೆಂಡತಿಯವರು ಬಕೆಟ್ಟನ್ನು ಬೋರಲು ಹಾಕಿ, ಊದಿದ ಪಾದಗಳನ್ನು ಅದರ ಮೇಲಿಟ್ಟು, "ರೀ, ಕಾಲು ನೀಡಿ ಕೂರೋಕೆ ಏನಾದ್ರೂ ಒಂದು ಬೇಕು ಕಣ್ರೀ" ಎಂದು ಕೋರಿದರು. ಕೋರಿಕೆಯನ್ನು ತುರ್ತೆಂದು ಪರಿಗಣಿಸಿದ ದರ್ಜಿಯವರು, ಬಾಗಿಲು ಮುಚ್ಚಿದ ಹೋಟೆಲೊಂದರ ಸಾಮಾನು ಮಾರಾಟದಲ್ಲಿ ಕಂದು ಬಣ್ಣದ ಉದ್ದನೆಯ ಸೋಫಾವೊಂದನ್ನು ಹಿಡಿದರು. ಮೂವರು ಧಾರಾಳವಾಗಿ, ನಾಲ್ವರು ಸ್ನೇಹದಿಂದ ಕೂರಬಹುದಾದದ್ದು.

ಕೊರಳಲ್ಲಿ ಸದಾ ನೇತಾಡುವ ಟೇಪಿನಿಂದ ಅವರು ಮನೆಯ ಬಾಗಿಲನ್ನೂ ನಡುಮನೆಯ ಗೋಡೆಯನ್ನೂ ಅಳೆದರು. ಸೋಫಾದ ಮೇಲೆ ಮಲಗಿದರೆ ಗಾಳಿ ತಾಗುತ್ತದೆಯೇ ಎಂದು ಕಿಟಕಿಯಿಂದ ಅಳೆದರು. ಮಗಳನ್ನೂ ನೆಲದ ಮೇಲೆ ಮಲಗಿಸಿ ಅಳೆದರು. ಎದುರಿಗೆ ನಿಂತವರ ಎದೆಯ ಸುತ್ತಳತೆಯನ್ನು ಕಣ್ಣಲ್ಲೇ ಹೇಳಬಲ್ಲ ಇವರು ಮೆಟ್ಟಿಲಿನ ತಿರುವೊಂದನ್ನು ಮಾತ್ರ ಅಳೆಯದೆ ಬಿಟ್ಟದ್ದು ಹೇಗೆಂಬುದು ಸಮಿತಿಗೂ ತಿಳಿದುಬಂದಿಲ್ಲ, ಅವರಿಗೂ ತಿಳಿದುಬಂದಿಲ್ಲ.

ಸೋಫಾ ಸದರಿ ತಿರುವಿನಲ್ಲಿ ಕಂಬಿಗೂ ಗೋಡೆಗೂ ನಡುವೆ ಅಡ್ಡಲಾಗಿ ಕಚ್ಚಿಕೊಂಡಿತು. ಹೊತ್ತು ತಂದ ಹಮಾಲಿಗಳು ಎಳೆದರು, ತಳ್ಳಿದರು, ಒಬ್ಬರಿಗೊಬ್ಬರು ಬಯ್ದುಕೊಂಡರು. "ಇದು ಮೇಲೂ ಹೋಗಲ್ಲ, ಕೆಳಗೂ ಬರಲ್ಲ. ಟೀ ಕುಡ್ಕೊಂಡು ಬರ್ತೀವಿ" ಎಂದು ತಿಳಿಸಿ ನಿರ್ಗಮಿಸಿದರು. ಮೂರನೇ ಮಹಡಿಯಿಂದ ಬಗ್ಗಿ ನೋಡಿದ ಹೆಂಡತಿಯವರು ಬಯ್ದಿದ್ದರೆ ಸಮಾಧಾನವಾಗುತ್ತಿತ್ತೆಂದೂ, ಅವರು "ಬಣ್ಣ ಚೆನ್ನಾಗಿದೆ" ಎಂದಷ್ಟೇ ಹೇಳಿ ಒಳಗೆ ಹೋದದ್ದರಿಂದ ಎಲ್ಲಾದರೂ ಅಡಗಿಕೊಳ್ಳೋಣ ಎನಿಸಿತೆಂದೂ ದರ್ಜಿಯವರು ನಂತರ ನಿವೇದಿಸಿಕೊಂಡಿದ್ದಾರೆ.

ಸೋಫಾವನ್ನು ಹತ್ತದೆ ಯಾರೂ ಮೇಲೆ ಹೋಗಲಾಗದ, ಕೆಳಗೆ ಬರಲಾಗದ ಪರಿಸ್ಥಿತಿ ಉಂಟಾದ್ದರಿಂದ, ಈ ಕೆಳಕಂಡ ತಾತ್ಕಾಲಿಕ ನಿಯಮಗಳನ್ನು ಜಾರಿಗೊಳಿಸಲಾಗಿತ್ತು:

೧. ಸೋಫಾ ದಾಟುವವರು ಮೊದಲು ಅದರ ಮೇಲೆ ಕೂರತಕ್ಕದ್ದು. ಎರಡೂ ಕಾಲುಗಳನ್ನು ಜೊತೆಯಾಗಿ ಎತ್ತಿ, ಆ ಬದಿಗೆ ತಿರುಗಿ, ಏಳತಕ್ಕದ್ದು. ಇದನ್ನು "ದಾಟುವಿಕೆ" ಎನ್ನಲಾಗುವುದು. ಕೂತಾದ ಮೇಲೆ ಏಳದಿದ್ದಲ್ಲಿ ಅದು "ಕೂರುವಿಕೆ" ಆಗುತ್ತದೆ. ಕೂರುವಿಕೆಯನ್ನು ನಿಷೇಧಿಸಲಾಗಿದೆ.

೨. ದಾಟುವಿಕೆಯ ನಡುವೆ ಒಂದು ನಿಟ್ಟುಸಿರಿಗೆ ಅವಕಾಶವಿದೆ. ಎರಡನೆಯ ನಿಟ್ಟುಸಿರನ್ನು ಮನೆಗೆ ಹೋಗಿ ಬಿಡುವುದು.

೩. ಎದುರುಬದುರಾಗಿ ಬಂದ ಇಬ್ಬರು ಮೊದಲು ಯಾರು ದಾಟಬೇಕೆಂದು ತೀರ್ಮಾನಿಸುವವರೆಗೆ ಒಟ್ಟಿಗೆ ಕೂರಬಹುದು. ಆದರೆ ಆ ಅವಧಿಯಲ್ಲಿ ಮೊದಲು ಯಾರು ದಾಟಬೇಕೆಂಬ ವಿಷಯ ಬಿಟ್ಟು ಬೇರೆ ಮಾತನಾಡತಕ್ಕದ್ದಲ್ಲ. ಬಟ್ಟೆ ಒಣಗಿಸಲು ತಾರಸಿಗೆ ಹೊರಟ ಕೆಳಮನೆಯ ಅಜ್ಜಿಯವರೂ ಮೇಲಿನಿಂದ ಇಳಿಯುತ್ತಿದ್ದ ಟ್ಯಾಕ್ಸಿ ಚಾಲಕರೂ ಈ ಕುರಿತು ಆರಂಭಿಸಿದ ಚರ್ಚೆಯು ಅಜ್ಜಿಯವರ ಮಂಡಿನೋವಿಗೆ ಹೊರಳಿ, ಅಲ್ಲಿಂದ ಚಾಲಕರ ಮುರಿದುಹೋದ ಮದುವೆ ಮಾತುಕತೆಗೆ ಜಿಗಿದು, ಬಟ್ಟೆ ಬಕೆಟ್ಟಿನಲ್ಲೇ ಒಣಗಿದ ಪ್ರಕರಣವನ್ನು ಗಂಭೀರವಾಗಿ ಪರಿಗಣಿಸಲಾಗಿದೆ.

೪. ಚಿನಕುರಳಿಯು ತಂದೆಯ ಅಂಗಡಿಯ ಚೂರು ಬಟ್ಟೆಗಳನ್ನು ಹರಿದು, ದಾಟುವವರಿಗೆ ಟಿಕೆಟ್ ಎಂದು ಕೊಡುತ್ತಿರುವುದು ಅನಧಿಕೃತ. ಕಾರ್ಯದರ್ಶಿಯವರ ಜೇಬಿನಲ್ಲಿ ಕಂಡುಬಂದ ಹೂವಿನ ಚಿತ್ತಾರದ ಬಟ್ಟೆ ಚೂರುಗಳಿಗೆ ವಿವರಣೆ ನೀಡುವ ಅಗತ್ಯವಿಲ್ಲ.

೫. ಸೋಫಾದ ಮೂಲಕ ಟೀ ಸಾಗಿಸಬಹುದು; ಸೋಫಾದ ಮೇಲೆ ಟೀ ಕುಡಿಯಬಾರದು. ಸಾಗಿಸುವಾಗ ಆರಿಹೋಗುತ್ತದೆಂಬ ಆತಂಕದಿಂದ ಕುಡಿದದ್ದನ್ನು ಸಾಗಣೆಯಲ್ಲಿನ ನಷ್ಟವೆಂದು ತೋರಿಸುವುದು.

೬. ಸೋಫಾದ ಧೂಳು ಹೊಡೆಯುವ ಜವಾಬ್ದಾರಿಯನ್ನು ಎರಡನೇ ಮಹಡಿಯವರು ಮೂರನೆಯವರ ಮೇಲೂ, ಮೂರನೆಯವರು ಎರಡನೆಯವರ ಮೇಲೂ ಹಾಕುತ್ತಿರುವ ಕಾರಣ, ಸದರಿ ಸ್ಥಳವನ್ನು "ಎರಡೂವರೆ ಮಹಡಿ" ಎಂದು ಘೋಷಿಸಲಾಗಿದೆ. ಅಲ್ಲಿ ಯಾರೂ ವಾಸವಿಲ್ಲದ್ದರಿಂದ ಧೂಳೂ ಇಲ್ಲವೆಂದು ಭಾವಿಸತಕ್ಕದ್ದು.

ಮೇಲ್ಕಂಡ ನಿಯಮಗಳಲ್ಲಿ ಒಂದೂ ಪಾಲನೆಯಾಗಲಿಲ್ಲ ಎಂಬುದನ್ನು ವಿಷಾದದೊಂದಿಗೆ ದಾಖಲಿಸಲಾಗಿದೆ. ಸಂಜೆಯಾದರೆ ತಿರುವಿನಲ್ಲಿ ನಗು ಕೇಳಿಬರತೊಡಗಿತು. ಹೀಗಾಗಿ, ಸೋಫಾವನ್ನು ಎರಡು ತುಂಡು ಮಾಡಿಯಾದರೂ ತೆರವುಗೊಳಿಸುವಂತೆ ದರ್ಜಿಯವರಿಗೆ ಕಟ್ಟಕಡೆಯ ಸೂಚನೆ ನೀಡಲಾಯಿತು.

ಘಟನಾ ವರದಿ

ಸೂಚನೆಯಂತೆ ದರ್ಜಿಯವರು ಒಂದು ಬೆಳಿಗ್ಗೆ ಅಂಗಡಿಗೆ ಹೋಗದೆ, ಬಡಗಿಯಿಂದ ಗರಗಸ ಎರವಲು ತಂದು ಸೋಫಾದ ಮುಂದೆ ಮಂಡಿಯೂರಿದರು. ಎಂಥ ಬೆಲೆಬಾಳುವ ಬಟ್ಟೆಗೂ ಅಳುಕದೆ ಕತ್ತರಿ ಹಾಕುವವರ ಕೈ ಅಂದು ಮೇಲೇಳಲಿಲ್ಲ. ಮನೆಯೊಳಗಿನ ಬಕೆಟ್ಟೇ ಅವರ ಕಣ್ಣ ಮುಂದೆ ಬರುತ್ತಿತ್ತಂತೆ. ಅಷ್ಟರಲ್ಲಿ ಆಸ್ಪತ್ರೆಗೆ ತೋರಿಸಿಕೊಂಡು ಬರಲೆಂದು ಹೊರಟ ಹೆಂಡತಿಯವರು ಮೇಲಿನಿಂದ ಇಳಿದು, ನಿಯಮ ಒಂದರ ಪ್ರಕಾರ ಸೋಫಾದ ಮೇಲೆ ಕೂತು, ಎರಡೂ ಕಾಲುಗಳನ್ನು ಎತ್ತಿದರು. ತಿರುಗಲಿಲ್ಲ.

"ರೀ, ಗರಗಸ ಕೆಳಗಿಡಿ" ಎಂದರು.

"ಯಾಕೆ, ಕಾಲು ಹಿಡ್ಕೊಂಡಿತಾ? ತಾಳು, ಎತ್ತಿ ದಾಟಿಸ್ತೀನಿ."

"ದಾಟೋದೆಲ್ಲ ಆಮೇಲೆ. ಮಗು ಬರ್ತಾ ಇದೆ. ಇಲ್ಲೇ."

ದರ್ಜಿಯವರು ಗರಗಸ ಹಿಡಿದುಕೊಂಡೇ ಕೆಳಮನೆಯ ಬಾಗಿಲು ಬಡಿದರು. ಬಾಗಿಲು ತೆರೆದ ಅಜ್ಜಿಯವರು ಕ್ಷಣಕಾಲ ತಪ್ಪು ತಿಳಿದುಕೊಂಡದ್ದು ಸಹಜ. ವಿಷಯ ತಿಳಿದ ಮೇಲೆ ಮಂಡಿನೋವನ್ನು ಅಲ್ಲೇ ಬಿಟ್ಟು ಮೆಟ್ಟಿಲು ಹತ್ತಿದರು. ಟ್ಯಾಕ್ಸಿ ಚಾಲಕರು ಬನಿಯನ್ನಿನಲ್ಲೇ ಓಡಿಬಂದು, "ಅಕ್ಕಾ, ಒಂದು ನಿಮಿಷ ತಡ್ಕೊಳ್ಳಿ, ಗಾಡಿ ತಂದೆ" ಎಂದರು.

"ನೀವು ತರೋದ್ರೊಳಗೆ ಇದು ಬಂದಿರತ್ತೆ ಅಣ್ಣ. ಆಂಬುಲೆನ್ಸಿಗೆ ಫೋನ್ ಮಾಡಿ. ಮಾಡಿ ಆ ಕಡೆ ತಿರುಗಿ ನಿಂತ್ಕೊಳ್ಳಿ."

ಅಂದಿನ ಆಡಳಿತವು ಸಂಪೂರ್ಣವಾಗಿ ಸದರಿ ನರ್ಸ್‌ರವರ ಕೈಯಲ್ಲಿತ್ತು. ನೋವು ಬಂದಾಗ ಹಲ್ಲು ಕಚ್ಚಿ ಸುಮ್ಮನಾಗುತ್ತಿದ್ದರು. ನೋವು ಇಳಿದಾಗ ಆದೇಶ ಹೊರಡಿಸುತ್ತಿದ್ದರು. ಅಜ್ಜಿ ಸೋಪು ಹಚ್ಚಿ ಕೈ ತೊಳೆಯಬೇಕು. ಗಂಡ ಹಿಂದೆ ಕೂತು ಬೆನ್ನಿಗೆ ಒರಗು ಕೊಡಬೇಕು. ಗಿರಾಕಿಯೊಬ್ಬರ ಅಂಗಿಗೆಂದು ಮನೆಯಲ್ಲಿ ಒಗೆದು ಇಸ್ತ್ರಿ ಮಾಡಿಟ್ಟಿದ್ದ ಬಿಳಿ ಬಟ್ಟೆ ಬರಬೇಕು. ಚಿನಕುರಳಿ ಎದುರು ಮನೆಯವರ ಜೊತೆ ಒಳಗಿರಬೇಕು. ಎದುರು ಮನೆಯವರ ಬಾಗಿಲು ಆಗಲೇ ತೆರೆದಿತ್ತು.

ಗರಗಸದ ಕೆಲಸ ಎಲ್ಲಿಗೆ ಬಂತೆಂದು ಪರಿಶೀಲಿಸಲು ಅದೇ ಹೊತ್ತಿಗೆ ಬಂದ ಕಾರ್ಯದರ್ಶಿಯವರ ಕೈಗೆ ಬೆಡ್‌ಶೀಟೊಂದನ್ನು ಕೊಟ್ಟು, ಪರದೆಯಾಗಿ ಹಿಡಿಯುವಂತೆ ಸೂಚಿಸಲಾಯಿತು. ಅವರು ಎರಡೂ ಕೈಗಳನ್ನು ಮೇಲೆತ್ತಿ, ಕಣ್ಣು ಮುಚ್ಚಿಕೊಂಡು ನಿಂತಿದ್ದರು. ಆದ್ದರಿಂದ ವರದಿಯ ಮುಂದಿನ ಭಾಗವು ಕಿವಿಗೆ ಬಿದ್ದದ್ದನ್ನು ಮಾತ್ರ ಆಧರಿಸಿದೆ.

"ಬಂತು ಕಣಮ್ಮ, ಬಂತು" ಎಂದು ಅಜ್ಜಿಯವರು ಹೇಳಿದ್ದು ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ. ಮಗು ಅಳಲಿಲ್ಲ. ಮೆಟ್ಟಿಲುಗಳಲ್ಲಿ ನಿಶ್ಶಬ್ದ ಕಾಪಾಡಬೇಕೆಂಬ ಈ ಸಮಿತಿಯ ಹಳೆಯ ನಿಯಮ ಅಂದು ಮೊದಲ ಬಾರಿಗೆ ಪೂರ್ಣವಾಗಿ ಪಾಲನೆಯಾಯಿತು. ಅದನ್ನು ಬರೆದವರೇ ಅದನ್ನು ಶಪಿಸಿದರು.

"ಅಜ್ಜಿ, ಬಟ್ಟೆಯಲ್ಲಿ ಮೈ ಒರೆಸಿ. ಬೆನ್ನು ಉಜ್ಜಿ. ಇನ್ನೂ ಜೋರಾಗಿ, ಹೆದರಬೇಡಿ" ಎಂದು ನರ್ಸ್‌ರವರು ಹೇಳಿದರು. ದನಿ ಗಟ್ಟಿಯಾಗಿಯೇ ಇತ್ತು. ಆದರೆ ಹಿಂದೆ ಕೂತಿದ್ದ ದರ್ಜಿಯವರ ಮಣಿಕಟ್ಟನ್ನು ಅವರು ಹಿಡಿದ ಹಿಡಿತದ ಗುರುತು ಎಷ್ಟೋ ದಿನ ಮಾಸಲಿಲ್ಲ. ತಾನು ಆ ತಿರುವೊಂದನ್ನು ಅಳೆದಿದ್ದರೆ ಇವಳು ಇಷ್ಟು ಹೊತ್ತಿಗೆ ಆಸ್ಪತ್ರೆಯ ಮಂಚದ ಮೇಲಿರುತ್ತಿದ್ದಳು ಎಂಬ ಒಂದೇ ಮಾತು ತಲೆಯೊಳಗೆ ಹೊಲಿಗೆ ಯಂತ್ರದ ಹಾಗೆ ಓಡುತ್ತಿತ್ತೆಂದು ದರ್ಜಿಯವರು ಹೇಳಿಕೆ ನೀಡಿದ್ದಾರೆ.

ನಂತರ ಕೇಳಿಬಂದ ಕಿರುಚಾಟವು ತಾರಸಿಯವರೆಗೂ ತಲುಪಿದ್ದು, ಮೇಲ್ಕಂಡ ನಿಶ್ಶಬ್ದದ ನಿಯಮದ ಸ್ಪಷ್ಟ ಉಲ್ಲಂಘನೆಯಾಗಿರುತ್ತದೆ. ಸಮಿತಿಯು ಅದನ್ನು ಮನ್ನಿಸಿದೆ. ಗಂಡು ಮಗು. ಬೆಡ್‌ಶೀಟು ಅಲುಗಾಡಿದ್ದಕ್ಕೆ ಕಾರ್ಯದರ್ಶಿಯವರ ಕೈ ಸೋತದ್ದೇ ಕಾರಣವೆಂದು ದಾಖಲಿಸಿಕೊಳ್ಳುವುದು. ಆಂಬುಲೆನ್ಸ್ ಬಂದು ತಾಯಿ-ಮಗುವನ್ನು ಆಸ್ಪತ್ರೆಗೆ ಕರೆದೊಯ್ದಿತು. ಇಬ್ಬರೂ ಗಟ್ಟಿಯಾಗಿದ್ದಾರೆಂದು ಅಲ್ಲಿಯವರು ತಿಳಿಸಿದರು.

ಅವರು ಆಸ್ಪತ್ರೆಯಲ್ಲಿದ್ದ ಅವಧಿಯಲ್ಲಿ ದರ್ಜಿಯವರು ಸೋಫಾದ ಹಳೆಯ ಹೊದಿಕೆಯನ್ನು ಬಿಚ್ಚಿ ಎಸೆದು, ಒಳಗನ್ನು ತೊಳೆದು ಒಣಗಿಸಿ, ಹೊಸ ಹೊದಿಕೆ ಹೊಲಿಯುತ್ತ ಮೆಟ್ಟಿಲ ಮೇಲೆ ಕೂತಿದ್ದರು. ಸೋಫಾದ ಅಡಿಗೆ ತೂರಿದ್ದ ಚಿನಕುರಳಿ ಅಲ್ಲಿಂದಲೇ, "ಅಪ್ಪಾ, ಇದು ತಿರುಗತ್ತೆ" ಎಂದಳು. ಏನು ತಿರುಗತ್ತೆ ಎಂದು ಬಗ್ಗಿ ನೋಡುವಷ್ಟರಲ್ಲಿ ಸೋಫಾದ ಒಂದು ಕಾಲು ಅವಳ ಕೈಯಲ್ಲಿತ್ತು. ನಾಲ್ಕೂ ಕಾಲುಗಳು ತಿರುಪಿನವು. ಬಿಚ್ಚಿದ್ದರೆ ಸೋಫಾ ಮೊದಲ ದಿನವೇ ಸಲೀಸಾಗಿ ಮೇಲೆ ಹೋಗುತ್ತಿತ್ತು. ದರ್ಜಿಯವರು ಆ ಕಾಲನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ನಕ್ಕರು; ಕೊನೆಕೊನೆಗೆ ಅದು ನಗುವಾಗಿಯೇ ಉಳಿದಿರಲಿಲ್ಲ. ಚಿನಕುರಳಿ ಅವರಿಗೊಂದು ಟಿಕೆಟ್ ಕೊಟ್ಟಳು.

ತಾಯಿ-ಮಗು ಮರಳಿದ ದಿನ ಸೋಫಾವನ್ನು ಮೇಲೆ ಸಾಗಿಸಲು ಎಲ್ಲರೂ ಸೇರಿದರು. ಪ್ರತಿಯೊಬ್ಬರೂ ಒಂದೊಂದು ಮೂಲೆ ಹಿಡಿದರು, ಯಾರೂ ಎತ್ತಲಿಲ್ಲ. ಟ್ಯಾಕ್ಸಿ ಚಾಲಕರು ಭುಜ ಉಳುಕಿದೆ ಎಂದರು. ಅಜ್ಜಿಯವರು ಇವತ್ತೇ ಯಾಕೆ ಎಂದರು. ಆಗ ನರ್ಸ್‌ರವರು ಮಗುವನ್ನೆತ್ತಿಕೊಂಡು ಸೋಫಾದ ನಟ್ಟನಡುವೆ ಕೂತು ಕಾಲು ನೀಡಿದರು.

"ಮೇಲೆ ಒಯ್ದು ಹಾಕಿದ್ರೆ ಮತ್ತೆ ನಾನೊಬ್ಳೇ ಕೂತು ಗೋಡೆ ನೋಡಬೇಕು. ಇಲ್ಲೇ ಇರ್ಲಿ ಬಿಡ್ರೀ."

"ಹಾಗಾದ್ರೆ ನಿನಗೆ ಬೇಕಿದ್ದದ್ದು ಸೋಫಾ ಅಲ್ವಾ?" ಎಂದು ದರ್ಜಿಯವರು ಕೇಳಿದರು.

"ಅದೂ ಬೇಕಿತ್ತು."

ಈ ಹೇಳಿಕೆಯ ನಂತರ ಎಲ್ಲರೂ ತಾವು ಹಿಡಿದಿದ್ದ ಮೂಲೆಗಳನ್ನು ಒಬ್ಬೊಬ್ಬರಾಗಿ ಬಿಟ್ಟರು. ಹೊಸಬರ ಮನೆಯ ಕದ ಒಮ್ಮೆಯೂ ತಟ್ಟದವರು ಯಾರ‍್ಯಾರೆಂದು ಎಣಿಸಿಕೊಳ್ಳಲು ಅಷ್ಟು ಹೊತ್ತು ಸಾಕಾಯಿತು.

ಆದೇಶ

ಮೇಲಿನ ಎಲ್ಲ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಈ ಕೆಳಕಂಡಂತೆ ಆದೇಶಿಸಲಾಗಿದೆ:

೭. ಸೋಫಾವನ್ನು ತಿರುವಿನ ಗೋಡೆಗೆ ಒತ್ತಿ ಇರಿಸಿ ಕಾಲುಗಳನ್ನು ಮರುಜೋಡಿಸಲಾಗಿದ್ದು, ದಾರಿ ತೆರವಾಗಿದೆ. ಇನ್ನು ಮುಂದೆ ಯಾರೂ ಅದನ್ನು ದಾಟಬೇಕಾಗಿಲ್ಲ. ದಾಟುವ ನೆಪವಿಲ್ಲದೆಯೂ ಕೂರಲು ಅನುಮತಿ ನೀಡಲಾಗಿದೆ. ನಿಟ್ಟುಸಿರುಗಳ ಮಿತಿಯನ್ನು ತೆಗೆದುಹಾಕಲಾಗಿದೆ.

೮. ನರ್ಸ್‌ರವರು ಬಂದಾಗ ಕೂತವರು ಸರಿದು, ಅವರ ಕಾಲಿಗೆ ಜಾಗ ಬಿಡತಕ್ಕದ್ದು. ಸರಿಯಲು ಜಾಗವಿಲ್ಲದವರು ಎದ್ದು ಟೀ ಮಾಡಿಕೊಂಡು ಬರತಕ್ಕದ್ದು.

೯. ನವಜಾತ ನಿವಾಸಿಯು ತಮ್ಮ ಮಹಡಿಗೆ ಸೇರಿದವನೆಂದು ಎರಡನೆಯ ಹಾಗೂ ಮೂರನೆಯ ಮಹಡಿಗಳೆರಡೂ ಹಕ್ಕು ಮಂಡಿಸಿವೆ. ಹೆರಿಗೆಯ ವೇಳೆ ತಲೆ ಎರಡನೇ ಮಹಡಿಯ ಕಡೆಗಿತ್ತೆಂಬ ಅಜ್ಜಿಯವರ ಸಾಕ್ಷ್ಯವನ್ನು ಮೂರನೆಯವರು ಪ್ರಶ್ನಿಸಿದ್ದಾರೆ. ಮಗುವನ್ನು ಎರಡೂವರೆ ಮಹಡಿಯ ಏಕೈಕ ಕಾಯಂ ನಿವಾಸಿಯೆಂದು ಘೋಷಿಸಲಾಗಿದೆ. ಎತ್ತಿಕೊಳ್ಳುವ ಸರದಿಯನ್ನು ಎಲ್ಲ ಮಹಡಿಗಳಿಗೂ ಹಂಚಲಾಗುವುದು. ಅಳುವಾಗಿನ ಸರದಿ ಮಾತ್ರ ತಂದೆಯದು.

೧೦. ಮಗುವಿಗೆ ಹೆಸರು ನಿಶ್ಚಯವಾಗದ ಕಾರಣ ಕಟ್ಟಡದವರೆಲ್ಲ ಅವನನ್ನು "ಎರಡೂವರೆ" ಎಂದೇ ಕರೆಯುತ್ತಿರುವುದು ಗಮನಕ್ಕೆ ಬಂದಿದೆ. ಸದರಿ ಎರಡೂವರೆಗೆ ಎರಡೂವರೆ ವರ್ಷ ತುಂಬಿದಾಗ ಉಂಟಾಗಬಹುದಾದ ಗೊಂದಲದ ಬಗ್ಗೆ ಪ್ರತ್ಯೇಕ ಸ್ಪಷ್ಟೀಕರಣ ನೀಡಲಾಗುವುದು.

೧೧. ಎದುರು ಮನೆಯ ಬಾಗಿಲು ತೆರೆದಾಗ ತಮ್ಮ ಬಾಗಿಲು ಮುಚ್ಚುವ ವಾಡಿಕೆಯನ್ನು ಈ ಮೂಲಕ ರದ್ದುಪಡಿಸಲಾಗಿದೆ. ಸದ್ದಿಗೆ ಮಗು ಎಚ್ಚರಗೊಳ್ಳುತ್ತದೆ.

೧೨. ದರ್ಜಿಯವರು ಸೋಫಾದ ವಿಷಯವಾಗಿ ಎದುರಿಗೆ ಸಿಕ್ಕವರಲ್ಲೆಲ್ಲ ಕ್ಷಮೆ ಕೇಳುತ್ತಿರುವುದನ್ನು ನಿಲ್ಲಿಸತಕ್ಕದ್ದು. ತೊಟ್ಟಿಲು ಕೊಳ್ಳಲು ಹೋಗುವಾಗ ಸಮಿತಿಯ ಒಬ್ಬ ಸದಸ್ಯರು ಜೊತೆಗಿರುತ್ತಾರೆ. ಇದು ಅಪನಂಬಿಕೆಯಲ್ಲ, ಎಲ್ಲರಿಗೂ ಬರಬೇಕೆನಿಸಿದೆ, ಚೀಟಿ ಎತ್ತಲಾಗುವುದು.

(ಸಹಿ)
ಕಾರ್ಯದರ್ಶಿ
ಕಟ್ಟಡ ನಿವಾಸಿಗಳ ನಿರ್ವಹಣಾ ಸಮಿತಿ

ಸೂಚನೆ: ಸಹಿ ಹಾಕುವ ಸಮಯದಲ್ಲಿ ಎರಡೂವರೆಯವರು ಕಾರ್ಯದರ್ಶಿಯವರ ಬಲತೋಳಿನ ಮೇಲೆ ನಿದ್ರಿಸುತ್ತಿದ್ದುದರಿಂದ ಎಡಗೈಯಲ್ಲಿ ಸಹಿ ಮಾಡಲಾಗಿದೆ. ಅಂಕುಡೊಂಕಾಗಿದೆ ಎಂಬ ಕಾರಣಕ್ಕೆ ಅಮಾನ್ಯಗೊಳಿಸತಕ್ಕದ್ದಲ್ಲ.

ಪ್ರತಿಗಳು:
ಮೂರನೇ ಮಹಡಿಯ ದರ್ಜಿಯವರಿಗೆ, ಪಾಲನೆಗಾಗಿ.
ಅವರ ಹೆಂಡತಿಯವರಿಗೆ, ಅನುಮೋದನೆಗಾಗಿ. ತಿದ್ದುಪಡಿಗಳಿದ್ದಲ್ಲಿ ಅವೇ ಅಂತಿಮ.
ಕೆಳಮನೆಯ ಅಜ್ಜಿಯವರಿಗೆ. ಕನ್ನಡಕ ಸಿಗದಿದ್ದಲ್ಲಿ ಟ್ಯಾಕ್ಸಿ ಚಾಲಕರು ಓದಿ ಹೇಳುವುದು.
ಚಿನಕುರಳಿಗೆ. ಚಿತ್ರ ಬರೆಯಲು ಹಿಂಬದಿಯನ್ನು ಖಾಲಿ ಬಿಡಲಾಗಿದೆ.
ಎರಡೂವರೆಗೆ, ಎಚ್ಚರವಾದ ಮೇಲೆ.
ಕಚೇರಿ ಪ್ರತಿ: ಸೋಫಾದ ದಿಂಬಿನ ಅಡಿಯಲ್ಲಿದೆ. ಕೂತವರು ಏಳದ ಕಾರಣ ಸದ್ಯಕ್ಕೆ ಲಭ್ಯವಿಲ್ಲ.